ಹಿಂಬದಿ ತಿರುವಿ ನೋಡುವುದನ್ನು ನಾವು ಕಲಿತದ್ದು

ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ, ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಹೆಂಗಸರು ಕೂಡಿ ಕಸೂತಿ, ಕೌದಿ, ಕ್ರೋಶಾ ಮಾಡುವ ರೂಢಿ ಬೆಳೆಯಿತು. ಇದನ್ನು ಸಂಘವೆನ್ನಲು ಬಾರದು. ಇದಕ್ಕೆ ಹೆಸರಿಲ್ಲ, ಚಂದಾ ಇಲ್ಲ, ಮಾರಾಟದ ಉದ್ದೇಶವೂ ಇಲ್ಲ. ಒಂದು ಚೀಲದಲ್ಲಿ ಬಟ್ಟೆ ಮತ್ತು ದಾರ, ಇನ್ನೊಂದರಲ್ಲಿ ಡಬ್ಬಿ ತುಂಬ ಮಂಡಕ್ಕಿಯ ಸುಸ್ಲಾ ಹಿಡಿದು, ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿಯೂ ತಪ್ಪದೆ ಬರುತ್ತಾರೆ. ಆದರೂ ಮೊದಲ ಒಂದು ವರ್ಷ ಯಾರ ಕೈಯೂ ಸುಧಾರಿಸಲಿಲ್ಲ. ಯಾರು ಏನನ್ನು ಬಿಚ್ಚಿ ತೋರಿಸಿದರೂ ಸುತ್ತಲಿನಿಂದ ಬರುತ್ತಿದ್ದ ಮಾತು ಒಂದೇ: "ಭಾಳ ಛಂದ ಆಗ್ಯಾದ್ರಿ." ಹಾಗೆಂದು ಬಟ್ಟೆಯನ್ನು ಪಕ್ಕದವರ ಕೈಗೆ ದಾಟಿಸಿದರೆ ಕೆಲಸ ಮುಗಿಯಿತು.

ಇದರಲ್ಲಿ ಕಪಟವೇನೂ ಇರಲಿಲ್ಲ. ಅಡುಗೆ, ಮಕ್ಕಳು, ಹಿರಿಯರ ಔಷಧ ಎಲ್ಲವನ್ನೂ ಮುಗಿಸಿ ರಾತ್ರಿ ಹತ್ತರ ಮೇಲೆ ಸೂಜಿ ಹಿಡಿದವಳ ಕೆಲಸಕ್ಕೆ ಹೆಸರಿಡುವುದೆಂದರೆ ಅವಳ ಮನೆತನಕ್ಕೇ ಹೆಸರಿಟ್ಟಂತೆ ಎಂಬ ಭಾವನೆ ನಮ್ಮ ಕಡೆ ಗಟ್ಟಿಯಾಗಿದೆ. ತಪ್ಪು ತೋರಿಸುವುದಕ್ಕೆ ನಮ್ಮಲ್ಲಿರುವ ಮಾತೇ "ಹೆಸರಿಡುವುದು" ಆಗಿರುವಾಗ, ಆ ಕೆಲಸಕ್ಕೆ ಯಾರು ತಾನೆ ಮುಂದಾದಾರು? ಆ ಹೊಣೆಯನ್ನು ನಾನೇ ಹೊರಬೇಕೆಂದು ಹೊರಟೆ, ಮತ್ತು ಮೊದಲ ಹೆಜ್ಜೆಯಲ್ಲಿಯೇ ಎಡವಿದೆ.

ನಮ್ಮಲ್ಲಿ ಬರುತ್ತಿದ್ದ ಒಬ್ಬ ಹಿರಿಯರು ಮೊದಲ ಮೊಮ್ಮಗನಿಗೆಂದು ತಲೆ ಬೆನ್ನು ಮುಚ್ಚುವ ಕುಂಚಿಗೆ ಹೊಲಿದು, ಅದರ ಅಂಚಿನುದ್ದಕ್ಕೂ ಗವಂತಿ ಹೊಲಿಗೆಯಲ್ಲಿ ಒಂದು ಬಳ್ಳಿಯ ಸಾಲನ್ನು ಹಾಕಿಕೊಂಡು ಬಂದಿದ್ದರು. ಗವಂತಿಯೆಂದರೆ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬಿಟ್ಟ ಜಾಗಗಳನ್ನು ಅದೇ ದಾರಿಯಲ್ಲಿ ತುಂಬುತ್ತ ಹಿಂದಿರುಗುವ ಹೊಲಿಗೆ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ಆರಂಭದಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಆ ತಪ್ಪು ಸಾಲಿನ ಜೊತೆಗೇ ಸಾಗುತ್ತ ಹೋಗಿ, ಕೊನೆಯಲ್ಲಿ ಎರಡು ತುದಿಗಳು ಕೂಡುವುದಿಲ್ಲ. ಅವರದ್ದೂ ಮೂಲೆಯಲ್ಲಿ ಕೂಡಿರಲಿಲ್ಲ. ಮೂವತ್ತು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದ ಕೈ ನನ್ನದು. ಎಲ್ಲರೆದುರಿಗೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಇಂಥ ಕಡೆ ಎಣಿಕೆ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದೆ. ಅವರು ಏನೂ ಅನ್ನದೆ ಕುಂಚಿಗೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡರು. ಮುಂದಿನ ಎರಡು ಭಾನುವಾರ ಬರಲಿಲ್ಲ.

ಮೂರನೆಯ ವಾರ ನಾನೇ ಅವರ ಮನೆಗೆ ಹೋದೆ. ಚಹಾ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು ಇಷ್ಟು: "ಅಕ್ಕೋರೆ, ತಪ್ಪು ಎಲ್ಲದ ಅಂತ ನನಗ ಮೊದಲೇ ಗೊತ್ತಿತ್ತು. ಬಿಚ್ಚದಂಗ ಹ್ಯಾಂಗ ಮುಚ್ಚಬೇಕು ಅಂತ ಕೇಳಲಿಕ್ಕೇ ತಂದಿದ್ದೆ." ನಾನು ಉತ್ತರ ಕೊಟ್ಟದ್ದು ಅವರು ಕೇಳದೇ ಇದ್ದ ಪ್ರಶ್ನೆಗೆ. ಅವರ ನಿಜವಾದ ಪ್ರಶ್ನೆಗೆ ಉತ್ತರ ಐದು ನಿಮಿಷದ್ದಾಗಿತ್ತು: ಎರಡೂ ಸಾಲುಗಳನ್ನು ಇದ್ದಲ್ಲಿಯೇ ಬಿಟ್ಟು, ನಡುವಿನ ಖಾಲಿ ಜಾಗದಲ್ಲಿ ಒಂದು ಚಿಕ್ಕ ಕಮಲವನ್ನು ಕೂಡಿಸಿದರೆ ಅದು ಮೂಲೆಗೆಂದೇ ಹಾಕಿದಂತೆ ಕಾಣುತ್ತದೆ. ಅಲ್ಲಿಯೇ ಕೂತು ಎಳೆ ಎಣಿಸಿ ಕಮಲದ ಗುರುತು ಹಾಕಿಕೊಟ್ಟೆ. ಅವರು ಮತ್ತೆ ಬರತೊಡಗಿದರು.

ಆ ದಿನದಿಂದ ನಮ್ಮಲ್ಲಿ ಬಟ್ಟೆಯನ್ನು ಬಿಚ್ಚಿದವರು ಮೊದಲು ಮಾತಾಡಬೇಕೆಂದು ಮಾಡಿದೆ. ಯಾರಿಗಾಗಿ ಮಾಡುತ್ತಿದ್ದೇನೆ, ಏನು ಬರಬೇಕೆಂದುಕೊಂಡಿದ್ದೆ, ಎಲ್ಲಿ ಮನಸ್ಸು ಒಪ್ಪುತ್ತಿಲ್ಲ ಎಂಬುದನ್ನು ಹೇಳಿ, ಒಂದು ಪ್ರಶ್ನೆಯನ್ನು ಅವರೇ ಇಡಬೇಕು. "ಹ್ಯಾಂಗ ಆಗ್ಯಾದ?" ಎಂಬುದನ್ನು ಪ್ರಶ್ನೆಯೆಂದು ಒಪ್ಪಿಕೊಳ್ಳುವುದಿಲ್ಲ, ಏಕೆಂದರೆ ಅದಕ್ಕೆ "ಛಂದ ಆಗ್ಯಾದ" ಎಂಬುದನ್ನು ಬಿಟ್ಟು ಬೇರೆ ಉತ್ತರವನ್ನು ಯಾವ ಸಭ್ಯ ಮನುಷ್ಯರೂ ಕೊಡಲಾರರು. "ಈ ಮಗ್ಗಲು ಯಾಕ ಎಳದಂಗ ಕಾಣಸ್ತದ?" ಎಂದು ಕೇಳಿದರೆ ಹತ್ತು ತಲೆಗಳು ಒಟ್ಟಿಗೆ ಬಟ್ಟೆಯ ಮೇಲೆ ಬಾಗುತ್ತವೆ. ಹೊಗಳಿಕೆಗೂ ಇದೇ ಕಟ್ಟು: ಛಂದ ಎಂದವರು ಎಲ್ಲಿ ಎಂದು ಬೆರಳಿಡಬೇಕು, ಇಲ್ಲವಾದರೆ ಅವತ್ತಿನ ಚಹಾ ಅವರೇ ಮಾಡಬೇಕು. ಮೊದಲ ತಿಂಗಳು ನಮ್ಮಲ್ಲಿ ಚಹಾ ಮಾಡುವವರಿಗೆ ಬರವೇ ಇರಲಿಲ್ಲ.

ಇನ್ನೊಂದು ತೊಡಕು ನಾನೇ ಆಗಿದ್ದೆ. ಎಲ್ಲರೂ ನನ್ನನ್ನು ಟೀಚರ್ ಎಂಬ ಅರ್ಥದಲ್ಲಿ ಅಕ್ಕೋರೆ ಎಂದೇ ಕರೆಯುತ್ತಾರೆ. ನಾನು ಬಾಯಿ ತೆರೆದರೆ ಅದು ಅಂಕ ಕೊಟ್ಟಂತಾಗಿ, ಉಳಿದವರು ಅದನ್ನೇ ಬೇರೆ ಮಾತಿನಲ್ಲಿ ಹೇಳಿ ಸುಮ್ಮನಾಗುತ್ತಿದ್ದರು. ಆದ್ದರಿಂದ ಎಲ್ಲರದೂ ಮುಗಿದ ಮೇಲೆ ಮಾತ್ರ ನಾನು ಮಾತಾಡುವುದೆಂದು ನಿಶ್ಚಯಿಸಿಕೊಂಡೆ. ಬಾಯಿ ಕಟ್ಟಿಕೊಂಡು ಕೂರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅದರ ಜೊತೆಗೆ ನನ್ನ ಹಳೆಯ ಕೆಟ್ಟ ಕೆಲಸವೊಂದನ್ನು ಪೆಟ್ಟಿಗೆಯಿಂದ ತೆಗೆದು ನಡುವೆ ಹಾಸಿದೆ. ಅದು ಎಳೆ ಎಣಿಸಲು ಸುಲಭವಾದ ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಹಾಕಿದ ಗೋಪುರ. ಕೆಂಪು ದಾರ ಮೊದಲ ಒಗೆತದಲ್ಲಿಯೇ ಬಣ್ಣ ಬಿಟ್ಟು ಗೋಪುರದ ಸುತ್ತ ಗುಲಾಬಿ ಮಂಜು ಕವಿದಂತಾಗಿತ್ತು. ದಾರವನ್ನು ಒದ್ದೆ ಮಾಡಿ ಬಿಳಿಯ ಅರಿವೆಯಲ್ಲಿ ತಿಕ್ಕಿ ನೋಡದೆ ಆರಂಭಿಸಿದ್ದು ನನ್ನದೇ ಆತುರ. ಅದನ್ನು ಹಾಸಿ, ಇದರಲ್ಲಿ ಏನೇನು ಕೆಟ್ಟಿದೆ ಹೇಳಿ ಎಂದೆ. ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು, ಮತ್ತು ಬಣ್ಣವಷ್ಟೇ ಅಲ್ಲದೆ ನಾನು ಎಂದೂ ಗಮನಿಸದ ಎರಡು ತಪ್ಪುಗಳನ್ನೂ ಹಿಂಬದಿ ತಿರುವಿ ಹೆಕ್ಕಿ ತೆಗೆದರು.

ಹಿಂಬದಿ ತಿರುವಿ ನೋಡುವ ರೂಢಿ ಆ ಗೋಪುರದಿಂದಲೇ ಬಂದದ್ದು. ಧಾರವಾಡದ ಕಡೆಯ ತವರಿನಿಂದ ಬಂದ ನಮ್ಮವ್ವನ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಕಸೂತಿ, ಮೇಲು ಯಾವುದು, ಒಳಮೈ ಯಾವುದು ಎಂದು ಹೇಳಲಾಗದಷ್ಟು ಶುದ್ಧವಾಗಿತ್ತು. ಗಂಟು ಎಂಬುದು ಎಲ್ಲಿಯೂ ಇರಲಿಲ್ಲ, ದಾರದ ತುದಿಯನ್ನೆಲ್ಲ ಹೊಲಿಗೆಯೊಳಗೇ ಅಡಗಿಸಲಾಗಿತ್ತು. ಮೇಲ್ಮೈ ನೋಡಿದರೆ ಚಿತ್ತಾರ ಕಾಣುತ್ತದೆ, ಹಿಂಬದಿ ನೋಡಿದರೆ ಹೊಲಿದವರು ಯಾವ ದಾರಿಯಲ್ಲಿ ಹೋದರು, ಎಲ್ಲಿ ಸಿಕ್ಕಿಬಿದ್ದರು, ಎಲ್ಲಿಂದ ದಾರವನ್ನು ಎಳೆದು ಜಿಗಿದರು ಎಂಬುದು ಕಾಣುತ್ತದೆ. ಆದರೆ ಈ ರೂಢಿಯೂ ಒಮ್ಮೆ ಅತಿಗೆ ಹೋಯಿತು. ಹೊಸದಾಗಿ ಕಲಿತ ಒಬ್ಬಳು ಬೇರೊಬ್ಬರ ನೇಗಿ ಹೊಲಿಗೆಯ ಕೆಲಸವನ್ನು ತಿರುವಿ, ಎರಡೂ ಕಡೆ ಒಂದೇ ಆಗಿಲ್ಲವೆಂದು ತಪ್ಪು ಹಿಡಿದಳು. ಗವಂತಿಯಲ್ಲಿ ಮತ್ತು ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಮುರ್ಗಿಯಲ್ಲಿ ಎರಡೂ ಬದಿ ಒಂದೇ ಬರಬೇಕೆನ್ನುವುದು ಸರಿ. ನೇಯ್ಗೆಯ ಹಾಗೆ ಉದ್ದ ಗಿಡ್ಡ ಎಳೆ ಹಾಯುವ ನೇಗಿಯಲ್ಲಿಯೂ, ಅಡ್ಡಡ್ಡ ದಾಟುವ ಮೆಂತೆಯಲ್ಲಿಯೂ ಅದು ಬರುವುದಿಲ್ಲ, ಬರಬೇಕೆಂದೂ ಇಲ್ಲ. ಬಾಯಿ ಕಟ್ಟಿಕೊಂಡು ಕೂರುವ ನನ್ನ ಕಟ್ಟನ್ನು ಅಂದು ನಾನೇ ಮುರಿದು ನಡುವೆ ಮಾತಾಡಿದೆ. ತಪ್ಪಾದ ತಿದ್ದುಪಡಿಯನ್ನು ಸಭ್ಯತೆಗಾಗಿ ಹಾಗೇ ಬಿಟ್ಟರೆ ಸರಿಯಾಗಿ ಹೊಲಿದವರು ತಮ್ಮ ಕೈಯನ್ನೇ ಅನುಮಾನಿಸತೊಡಗುತ್ತಾರೆ.

ಹೊಲಿಗೆಯೇ ಗೊತ್ತಿಲ್ಲದವರು ಏನು ಹೇಳಬಹುದೆಂಬ ಪ್ರಶ್ನೆ ಬಂದದ್ದು ಕ್ರೋಶಾದಿಂದ. ನಮ್ಮಲ್ಲಿ ಕ್ರೋಶಾ ಬರುವವರು ಒಬ್ಬರೇ, ನಾವೆಲ್ಲ ಆಪಾ ಎಂದು ಕರೆಯುವವರು. ಅವರು ಮೇಜಿನ ಮೇಲೆ ಹಾಸುವ ಗುಂಡನೆಯ ಹಾಸು ಹೆಣೆಯುತ್ತಿದ್ದರು. ನಮಗೆ ಅದರ ಗಂಧವಿಲ್ಲದ್ದರಿಂದ ವಾಹ್ ವಾಹ್ ಎನ್ನುವುದೊಂದೇ ಉಳಿದಿತ್ತು. ಕೌದಿ ಮಾತ್ರ ಹೊಲಿಯುವ ಒಬ್ಬ ಹೆಂಗಸು ಒಂದು ದಿನ, "ಆಪಾ, ಇದು ಹಾಸೋದೋ, ತಲಿಗೆ ಹಾಕ್ಕೊಳ್ಳೋದೋ? ಟೊಪಗಿ ಹಂಗ ಏಳಲಿಕ್ಕತ್ತದಲ್ಲ" ಎಂದು ಕೇಳಿದಳು. ಆಪಾ ನಕ್ಕು, ಕಡ್ಡಿ ಕೆಳಗಿಟ್ಟು ಎಣಿಸಿದರು. ಕಂಬ ಎನ್ನುವ ಉದ್ದ ಹೆಣಿಗೆಯಲ್ಲಿ ಗುಂಡನೆಯ ಹಾಸು ಸಪಾಟಾಗಿ ಕೂರಬೇಕಾದರೆ ಮೊದಲ ಸುತ್ತಿಗೆ 12 ಕಂಬ, ಎರಡನೆಯದಕ್ಕೆ 24, ಮೂರನೆಯದಕ್ಕೆ 36, ಹೀಗೆ ಸುತ್ತಿಗೆ ಹನ್ನೆರಡರಂತೆ ಹೆಚ್ಚುತ್ತ ಹೋಗಬೇಕು. ಹೆಚ್ಚಿಸುವುದು ಕಡಿಮೆಯಾದರೆ ಬಟ್ಟಲಿನಂತೆ ಏಳುತ್ತದೆ, ಹೆಚ್ಚಾದರೆ ಅಂಚು ಅಲೆಅಲೆಯಾಗಿ ಮುದುಡುತ್ತದೆ. ಅವರು ಐದನೆಯ ಸುತ್ತಿನಲ್ಲಿ ಹೆಚ್ಚಿಸುವುದನ್ನೇ ಮರೆತಿದ್ದರು. ಕಸುಬು ತಿಳಿಯದವರು ತಮ್ಮ ಕಣ್ಣಿಗೆ ಬಿದ್ದದ್ದನ್ನು ಪ್ರಶ್ನೆಯಾಗಿ ಕೇಳಿದರೆ ಸಾಕೆಂದು ನಾವು ಅಂದು ತಿಳಿದುಕೊಂಡೆವು.

ಯಾವಾಗ ಹೇಳಬೇಕೆಂಬುದರ ಬಗ್ಗೆ ನಾನು ತುಸು ಹಟಮಾರಿ. ಬೀದರಿನಲ್ಲಿ ಬಿದ್ರಿ ಕೆಲಸದವರ ಅಂಗಳದಲ್ಲಿ ಒಮ್ಮೆ ಇಡೀ ಮಧ್ಯಾಹ್ನ ಕೂತು ನೋಡಿದ್ದೆ. ಅಚ್ಚು ಎರೆದ ಪಾತ್ರೆಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಅದರ ಮೇಲೆ ಉಳಿಯಿಂದ ಗೆರೆ ಕೊರೆಯುತ್ತಾರೆ. ಹಿರಿಯರು ಪಾತ್ರೆಯನ್ನು ಕೈಗೆ ತೆಗೆದುಕೊಂಡು ನೋಡಿದ್ದು ಆ ಗೆರೆಯ ಹಂತದಲ್ಲಿಯೇ. ಕೊರೆದ ಜಾಗಕ್ಕೆ ಬೆಳ್ಳಿಯನ್ನು ಬಡಿದು ಕೂಡಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಶಾಶ್ವತವಾಗಿ ಕಪ್ಪು ಹಿಡಿಸಿದ ಮೇಲೆ ಗೆರೆ ಸೊಟ್ಟಗಿದೆ ಎಂದು ಹೇಳಿ ಪ್ರಯೋಜನವಿಲ್ಲ. ನಮ್ಮಲ್ಲಿಯೂ ಈಗ ಕೆಲಸವನ್ನು ಕಾಲು ಭಾಗ ಮುಗಿದಾಗ ತರಬೇಕು. ಕೌದಿಯಾದರೆ ಪದರಗಳಿಗೆ ಕಚ್ಚಾ ಟಾಕಿ ಹಾಕಿದ ಕೂಡಲೇ, ಹೊಲಿಗೆ ಆರಂಭಿಸುವ ಮೊದಲೇ ಹಾಸಿ ತೋರಿಸಬೇಕು, ಏಕೆಂದರೆ ಒಳಗಿನ ಹಳೆಯ ಸೀರೆಯೊಂದು ಮಡಿಸಿಕೊಂಡಿದ್ದರೆ ಅದು ಆಗ ಮಾತ್ರ ಕೈಗೆ ಸಿಗುತ್ತದೆ. ಮುಗಿದ ಕೆಲಸಕ್ಕೆ, ಅದರಲ್ಲಿಯೂ ನಾಳೆ ಯಾರಿಗೋ ಉಡುಗೊರೆಯಾಗಿ ಹೋಗುವುದಕ್ಕೆ, ಕೇಳದೆ ಯಾರೂ ಏನೂ ಹೇಳಕೂಡದು.

ಬಣ್ಣದ ವಿಷಯದಲ್ಲಿ ನಾವು ಇನ್ನೂ ಜಗಳಾಡುತ್ತೇವೆ. ಹಸಿರಿನ ಮೇಲೆ ಹಳದಿ ಒಪ್ಪುವುದಿಲ್ಲ ಎಂದು ಒಬ್ಬರು, ಒಪ್ಪುತ್ತದೆ ಎಂದು ಇನ್ನೊಬ್ಬರು. ಎಣಿಕೆ, ಎಳೆತ, ದಾರದ ತುದಿ, ಬಣ್ಣ ಬಿಡುವುದು ಇವೆಲ್ಲ ಸರಿ ತಪ್ಪು ಎನ್ನಬಹುದಾದವು; ಯಾವ ಬಣ್ಣ, ಯಾವ ಚಿತ್ತಾರ ಎಂಬುದು ಹೊಲಿಯುವವರ ಹಕ್ಕು ಎಂದು ನಾನು ಗೆರೆ ಎಳೆದಿದ್ದೇನೆ, ಆದರೆ ಅದನ್ನು ದಾಟದ ಭಾನುವಾರವಿಲ್ಲ. ಪೂರಾ ಸೋತದ್ದೂ ಇದೆ. ಅತ್ತೆ ಸೊಸೆ ಇಬ್ಬರೂ ಬರುತ್ತಿದ್ದಾಗ, ಅತ್ತೆ ಎಷ್ಟೇ ಮೃದುವಾಗಿ ಹೇಳಿದರೂ ಸೊಸೆಗೆ ಅದು ಅಡುಗೆಮನೆಯ ಮಾತಾಗಿಯೇ ಕೇಳಿಸುತ್ತಿತ್ತು. ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಮಾತಾಡಬಾರದೆಂದು ಕಟ್ಟು ಮಾಡಿದೆ. ಮಾತು ನಿಂತಿತು, ನೋಟ ನಿಲ್ಲಲಿಲ್ಲ. ಈಗ ಸೊಸೆ ಒಬ್ಬಳೇ ಬರುತ್ತಾಳೆ.

ಕಳೆದ ತಿಂಗಳು ನಾನು ಮಗಳಿಗೆಂದು ಇಳಕಲ್ ಸೀರೆಯ ಸೆರಗಿಗೆ ಅಂಬಾರಿ ಹೊತ್ತ ಆನೆ ಹಾಕುತ್ತಿದ್ದೆ. ನನ್ನ ಸರದಿ ಬಂದಾಗ ನಿಯಮದಂತೆ ಪ್ರಶ್ನೆ ಇಟ್ಟೆ: ಅಂಬಾರಿಗೆ ಕೇಸರಿ ಸಾಕೋ, ಬಿಳಿಯೂ ಬೇಕೋ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಕಾಲೇಜಿನ ಹುಡುಗಿ ಬಿಳಿ ಬೇಕೆಂದಳು. ಆಮೇಲೆ ಸೆರಗನ್ನು ತಿರುವಿ, ಸ್ವಲ್ಪ ಹೊತ್ತು ನೋಡಿ, "ಅಕ್ಕೋರೆ, ನೀವು ಕೇಳದೇ ಇದ್ದದ್ದು ಒಂದು ಕಂಡದ, ಹೇಳಲೇನ್ರಿ?" ಎಂದಳು. ಹೇಳವ್ವ ಎಂದೆ. ಆನೆಯ ಮುಂಗಾಲು ನಾಲ್ಕು ಎಳೆ ಅಗಲ, ಹಿಂಗಾಲು ಮೂರೇ. ಕನ್ನಡಕ ಹಾಕಿಕೊಂಡು ಎರಡು ಸಲ ಎಣಿಸಿದೆ, ಮೂರೇ ಇತ್ತು. ಮರುದಿನ ಬೆಳಿಗ್ಗೆ ಬಾಗಿಲ ಬೆಳಕಿಗೆ ಕೂತು ಬಿಚ್ಚತೊಡಗಿದೆ. ಕಾಲು ಮಾತ್ರ ಬಿಚ್ಚಿದರೆ ಸಾಕೆಂದುಕೊಂಡಿದ್ದೆ, ಅಂಬಾರಿಯವರೆಗೂ ಬಿಚ್ಚಬೇಕಾಯಿತು.