‘ಬೇಗ’ ಎಂದರೆ ಎಷ್ಟು ಸೆಕೆಂಡು: ಟೊಮೆಟೊ ಮಂಡಿಯಲ್ಲಿ ನನ್ನ ಅನುಭವ

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಒಂದು ಟೊಮೆಟೊ ಮಂಡಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಾಗ, ವೇಗದ ಬಗ್ಗೆ ನಮ್ಮ ಕರಾರಿನಲ್ಲಿದ್ದದ್ದು ಒಂದೇ ಮಾತು: ‘ಪಟ್ಟಿ ಬೇಗ ಬರಬೇಕು.’ 15 ಕೆ.ಜಿ.ಯ ಬಾಕ್ಸ್‌ಗಳು ಹರಾಜಾದ ಮೇಲೆ ರೈತರ ಕೈಗೆ ಕೊಡುವ ಲೆಕ್ಕದ ಚೀಟಿಯೇ ಪಟ್ಟಿ. ಬಾಕ್ಸ್‌ಗಳ ಸಂಖ್ಯೆ, ದರ, ಕೂಲಿ, ಹಿಂದೆ ಪಡೆದ ಮುಂಗಡದ ಬಾಕಿ ಎಲ್ಲವೂ ಅದರಲ್ಲಿರುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ತಕ್ಷಣ ಬರುತ್ತಿತ್ತು, ಏಕೆಂದರೆ ಅಲ್ಲಿದ್ದದ್ದು ನಾನೇ ತುಂಬಿದ 200 ಪಟ್ಟಿಗಳು ಮಾತ್ರ. ಒಂದೂವರೆ ವರ್ಷದ ನಂತರ, ಜುಲೈ ತಿಂಗಳಲ್ಲಿ ಆವಕ ಏರಿದ ಒಂದು ಬೆಳಿಗ್ಗೆ, ಕಿಟಕಿಯ ಮುಂದೆ ಸಾಲು ಬೆಳೆದು ಗುಮಾಸ್ತರು ಮತ್ತೆ ಕಾರ್ಬನ್ ಹಾಳೆಯ ಪುಸ್ತಕ ತೆರೆದರು.

ಎಷ್ಟು ಬೇಗ ಬೇಕು ಎಂದು ಮಾಲೀಕರನ್ನು ಕೇಳಿದೆ. “ಬೇಗ ಅಂದ್ರೆ ಬೇಗ ಕಣಪ್ಪ, ರೈತ ಕೈ ಚಾಚೋಷ್ಟರಲ್ಲಿ ಪಟ್ಟಿ ಸಿಗಬೇಕು” ಎಂದರು. ಈ ಮಾತನ್ನು ಅಳೆಯಬಹುದು ಎಂದು ನನಗೆ ಹೊಳೆದದ್ದು ಮೂರು ಬೆಳಿಗ್ಗೆ ಗುಮಾಸ್ತರ ಪಕ್ಕ ಗಡಿಯಾರ ಹಿಡಿದು ಕುಳಿತ ಮೇಲೆ. ದಟ್ಟಣೆಯ ಹೊತ್ತಿನಲ್ಲಿ ನಾಲ್ವರು ಸೇರಿ ಗಂಟೆಗೆ 480 ಪಟ್ಟಿ ಮಾಡುತ್ತಿದ್ದರು, ಅಂದರೆ ಒಬ್ಬರಿಗೆ ಒಂದಕ್ಕೆ 30 ಸೆಕೆಂಡು. ಅದರ ಬಹುಪಾಲು ಟೈಪ್ ಮಾಡುವುದಕ್ಕೇ ಹೋಗುತ್ತಿದ್ದುದರಿಂದ ಕಂಪ್ಯೂಟರಿಗೆ ಉಳಿಯುತ್ತಿದ್ದದ್ದು 2 ಸೆಕೆಂಡು. ಹೀಗೆ ಕರಾರಿನ ಮಾತು ಬದಲಾಯಿತು: ನಾಲ್ವರು ಗಂಟೆಗೆ 480 ಪಟ್ಟಿ ಮಾಡುವಾಗ, ಎರಡು ವರ್ಷದ ಲೆಕ್ಕ ಒಳಗಿರುವಾಗ, 100ರಲ್ಲಿ 95 ಪಟ್ಟಿಗಳು 2 ಸೆಕೆಂಡಿನೊಳಗೆ ಬರಬೇಕು.

ಸರಾಸರಿಯನ್ನು ನಾನು ಬೇಕೆಂದೇ ಬಿಟ್ಟೆ. ಆ ಕೆಟ್ಟ ಬೆಳಗಿನ ಲಾಗ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ತಾನೇ ಬರೆದಿಡುವ ದಾಖಲೆಯಲ್ಲಿ, 100 ಪಟ್ಟಿಗಳ ಪೈಕಿ 90 ಪಟ್ಟಿಗಳು 0.8 ಸೆಕೆಂಡಿನಲ್ಲಿ, 10 ಪಟ್ಟಿಗಳು 9 ಸೆಕೆಂಡಿನಲ್ಲಿ ಬಂದಿದ್ದವು, ಸರಾಸರಿ 1.62 ಸೆಕೆಂಡು, ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಸಾಲು ನಿಲ್ಲಿಸಿದ್ದು ಆ ಹತ್ತು ಪಟ್ಟಿಗಳು.

ಹೊಸ ಕರಾರಿನ ಮಾತು ಉಳಿಯುತ್ತದೆಯೇ ಎಂದು ಪರೀಕ್ಷಿಸಲು ಜೆಮೀಟರ್ ಬಳಸಿದೆ; ಹಲವರು ಒಟ್ಟಿಗೆ ಬಳಸುತ್ತಿರುವಂತೆ ನಟಿಸಿ ಸರ್ವರ್ ಮೇಲೆ ಹೊರೆ ಹಾಕುವ ಸಾಫ್ಟ್‌ವೇರ್ ಅದು. ಮೊದಲ ಸಲ 100 ಕೃತಕ ಬಳಕೆದಾರರನ್ನು ಬಿಡುವಿಲ್ಲದೆ ಬಿಟ್ಟು ಸರ್ವರ್ ಕುಸಿದದ್ದನ್ನು ಕಂಡು ಹೆದರಿದೆ. ಆದರೆ ಆ ಹೊರೆ ಯಾವ ಮಂಡಿಯದೂ ಅಲ್ಲ. ನಾಲ್ವರನ್ನಷ್ಟೇ ಇಟ್ಟು, ಒಂದು ಪಟ್ಟಿಗೂ ಮುಂದಿನದಕ್ಕೂ ನಡುವೆ ಟೈಪ್ ಮಾಡುವಷ್ಟು ಬಿಡುವು ಕೊಟ್ಟ ಮೇಲೆಯೇ ಅದು ಆ ಬೆಳಗನ್ನು ಹೋಲತೊಡಗಿತು.

ನಿಜವಾಗಿ ಎಡವಿದ್ದು ದತ್ತಾಂಶದಲ್ಲಿ. 4 ಲಕ್ಷ ನಮೂದುಗಳನ್ನು 2,000 ರೈತರಿಗೆ ಸಮನಾಗಿ, ತಲಾ 200ರಂತೆ ಹಂಚಿ ತುಂಬಿದ್ದೆ. ಪರೀಕ್ಷೆ ಸಲೀಸಾಗಿ ಪಾಸಾಯಿತು. ಮಂಡಿಯ ಖಾತೆ ಹಾಗೆ ಸಮವಾಗಿರುವುದಿಲ್ಲ. ಊರಿನವರ ಮಾಲನ್ನೆಲ್ಲ ಒಂದೇ ಟೆಂಪೋದಲ್ಲಿ ತುಂಬಿ ತಮ್ಮ ಹೆಸರಿನಲ್ಲಿ ತರುವವರು ಕೆಲವರಿದ್ದಾರೆ. ಅಂಥವರೊಬ್ಬರ ಹೆಸರಿನಲ್ಲಿ 9,000 ನಮೂದುಗಳಿದ್ದವು. ಮುಂಗಡದ ಬಾಕಿ ತಿಳಿಯಲು ನನ್ನ ಕೋಡ್ ಪ್ರತಿ ಹಳೆಯ ನಮೂದಿಗೂ ಡೇಟಾಬೇಸನ್ನು ಬೇರೆಬೇರೆಯಾಗಿ ಕೇಳುತ್ತಿತ್ತು. ಒಂದು ಪ್ರಶ್ನೆಗೆ 1 ಮಿಲಿಸೆಕೆಂಡು ಎಂದರೂ 200 ನಮೂದಿಗೆ 0.2 ಸೆಕೆಂಡು, 9,000ಕ್ಕೆ 9 ಸೆಕೆಂಡು. ಲಾಗ್‌ನಲ್ಲಿ ನಿಧಾನವಾಗಿದ್ದ ಪಟ್ಟಿಗಳೆಲ್ಲ ಅಂಥವರವೇ ಆಗಿದ್ದವು. ಹೆಸರುಗಳನ್ನು ಅಳಿಸಿ, ನಿಜವಾದ ಖಾತೆಯ ಏರುಪೇರನ್ನು ಹಾಗೆಯೇ ಉಳಿಸಿಕೊಂಡು ದತ್ತಾಂಶವನ್ನು ಮತ್ತೆ ತುಂಬಿದಾಗ ಪರೀಕ್ಷೆ ಫೇಲಾಯಿತು. ಅಷ್ಟು ಸಂತೋಷದಿಂದ ನಾನು ಯಾವ ಫೇಲನ್ನೂ ನೋಡಿದವನಲ್ಲ. ಬಾಕಿಯನ್ನು ಒಂದೇ ಪ್ರಶ್ನೆಯಲ್ಲಿ ಡೇಟಾಬೇಸೇ ಕೂಡಿಕೊಡುವಂತೆ ಬದಲಿಸಿದ್ದು ಅರ್ಧ ದಿನದ ಕೆಲಸ.

ಈಗ ಇದೇ ಪರೀಕ್ಷೆ ಪ್ರತಿ ರಾತ್ರಿ, ಬೇರೆ ಕೆಲಸವಿಲ್ಲದ ಒಂದೇ ಯಂತ್ರದ ಮೇಲೆ ನಡೆಯುತ್ತದೆ. ಯಂತ್ರ ಬದಲಾದರೆ ನಿನ್ನೆಯ ಅಂಕಿಗೆ ಇಂದಿನದನ್ನು ಹೋಲಿಸಲಾಗದು.

ಹೊಸ ಕರಾರನ್ನು ಓದಿದ ಹಿರಿಯ ಗುಮಾಸ್ತರು ಒಂದು ತಕರಾರು ತೆಗೆದರು. ನನ್ನ 2 ಸೆಕೆಂಡು ಪ್ರಿಂಟರಿಗೆ ಆದೇಶ ಹೋದಲ್ಲಿಗೆ ಮುಗಿಯುತ್ತಿತ್ತು. ಅವರ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅಲ್ಲಿಂದ ಮುಂದೆ ಇನ್ನೂ 4 ಸೆಕೆಂಡು ಕಿರಗುಟ್ಟುತ್ತಿತ್ತು. ‘ಗುಂಡಿ ಒತ್ತಿದಲ್ಲಿಂದ ಕಾಗದ ಹರಿಯುವವರೆಗೆ 6 ಸೆಕೆಂಡು’ ಎಂದು ಅವರ ಎದುರಿಗೇ ಪೆನ್ನಿನಲ್ಲಿ ತಿದ್ದಿ ಸಹಿ ಹಾಕಿದೆ.