ಫೋನಿನ ಜಿಪಿಎಸ್ ಸರಿಯಿತ್ತು, ದಾರಿ ಮಾತ್ರ ತಪ್ಪುತ್ತಿತ್ತು

ನ್ಯಾವಿಗೇಶನ್ ಆಪ್‌ನಲ್ಲಿ ನೀಲಿ ಚುಕ್ಕೆ ನಾನಿರುವ ರಸ್ತೆ ಬಿಟ್ಟು ಎಲ್ಲೋ ನಿಲ್ಲುತ್ತಿತ್ತು. ಸುತ್ತಲೂ ದೊಡ್ಡ ಮಸುಕು ವೃತ್ತ. ಸ್ಕ್ರೀನ್ ಆರಿದರೆ ಧ್ವನಿಯೂ ನಿಲ್ಲುತ್ತಿತ್ತು.

ರೀಸ್ಟಾರ್ಟ್, ಆಪ್ ಅಳಿಸಿ ಮತ್ತೆ ಹಾಕಿದ್ದು, 8 ಆಕಾರದಲ್ಲಿ ಫೋನ್ ತಿರುಗಿಸಿದ್ದು, ಯಾವುದೂ ಪ್ರಯೋಜನವಾಗಲಿಲ್ಲ. 8 ಆಕಾರ ದಿಕ್ಸೂಚಿಗೆ ಮಾತ್ರ, ಜಿಪಿಎಸ್‌ಗಲ್ಲ. ಬೇರೆ ಜಿಪಿಎಸ್ ಸಾಧನ ಕೊಳ್ಳಬೇಕೇನೋ ಅಂದುಕೊಂಡಿದ್ದೆ.

ಕೊನೆಗೆ ಬಯಲಲ್ಲಿ ನಿಂತು, ಉಪಗ್ರಹ ತೋರಿಸುವ ಆಪ್ ತೆರೆದೆ. ಸ್ಥಳ ಗುರುತಿಸಲು 4 ಉಪಗ್ರಹ ಸಾಕು, ನನಗೆ 17 ಸಿಕ್ಕವು. ತೋರಿಸಿದ ಜಾಗಕ್ಕೂ ನಾನು ನಿಂತ ಜಾಗಕ್ಕೂ ವ್ಯತ್ಯಾಸ 4 ಮೀಟರ್. ಅಂದ್ರೆ ಚಿಪ್ ಸರಿಯಿದೆ, ತಡೆ ಸೆಟ್ಟಿಂಗ್ಸ್‌ನಲ್ಲಿದೆ. ಈ ಪರೀಕ್ಷೆಯನ್ನೇ ಮೊದಲು ಮಾಡಿ.

ಆಂಡ್ರಾಯ್ಡ್‌ನಲ್ಲಿ ಇದೇ ಕ್ರಮ: ಸೆಟ್ಟಿಂಗ್ಸ್, ಲೊಕೇಶನ್, ಆಪ್ ಅನುಮತಿ, ನಿಮ್ಮ ಆಪ್. ಅಲ್ಲಿ ‘ನಿಖರ ಸ್ಥಳ ಬಳಸಿ’ ಆನ್ ಮಾಡಿ. ನನ್ನದು ಆಫ್ ಆಗಿತ್ತು. ಆಫ್ ಇದ್ದರೆ ಆಪ್‌ಗೆ ಸಿಗುವುದು ಸುಮಾರು 3 ಚದರ ಕಿ.ಮೀ. ಅಂದಾಜು ಅಷ್ಟೇ, ದಾರಿ ಹೇಗೆ ತೋರಿಸೀತು ಅಲ್ವಾ? ಆಮೇಲೆ ಆಪ್‌ನ ಬ್ಯಾಟರಿ ಆಯ್ಕೆಯನ್ನು ‘ನಿರ್ಬಂಧವಿಲ್ಲ’ ಮಾಡಿ, ಬ್ಯಾಟರಿ ಸೇವರ್ ಆಫ್ ಮಾಡಿ. ಸ್ಕ್ರೀನ್ ಆರಿದಾಗ ಧ್ವನಿ ನಿಲ್ಲುತ್ತಿದ್ದುದು ಇದರಿಂದ ಸರಿಹೋಯಿತು.

ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿದ್ದರೆ ಡೇಟಾ ಇಲ್ಲದೆಯೂ ನಡೆಯುತ್ತದೆ. ಮೊದಲ ಸಲ ಸಿಗ್ನಲ್ ಹಿಡಿಯಲು ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಬೇಕು.