ಕೂಸು ರಾತ್ರಿ ಮಲಗಬೇಕಾದರೆ ಮುಂಜಾನೆ ಎಬ್ಬಿಸಿ

ಕೂಸನ್ನು ಎಷ್ಟು ಗಂಟೆಗೆ ಮಲಗಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟಕ್ಕೆ ಎಬ್ಬಿಸಬೇಕು ಅಂತ ಯಾರೂ ಕೇಳುವುದಿಲ್ಲ. ನಾನಂತೂ ಮುಂಜಾನೆಯನ್ನೇ ಹಿಡಿಯಿರಿ ಅನ್ನುತ್ತೇನೆ. ನಿದ್ದೆ ಬರಿಸುವುದು ನಮ್ಮ ಕೈಯಲ್ಲಿಲ್ಲ, ಎಬ್ಬಿಸುವುದು ಇದೆ.

ನಾನು ಕಲಬುರಗಿಯಿಂದ ಆಳಂದ ಕಡೆಯ ಒಂದು ಶಾಲೆಗೆ ಬಸ್ಸಿನಲ್ಲಿ ಹೋಗಿಬರುವ ಟೀಚರ್. ಹೆರಿಗೆ ರಜೆ ಮುಗಿಯುವುದರೊಳಗೆ ಮಗಳ ನಿದ್ದೆ ಒಂದು ದಾರಿಗೆ ಬರಲೇಬೇಕಿತ್ತು. ಮನೆಯಲ್ಲಿ ಅತ್ತೆ, ಮಾವ, ಮೈದುನ, ರಾತ್ರಿ ಒಂಬತ್ತೂವರೆಗೆ ಅಂಗಡಿ ಮುಚ್ಚಿ ಬರುವ ಗಂಡ. ಇಂಥ ತುಂಬಿದ ಮನೆಯಲ್ಲಿ ನಡೆಯುವ ಕ್ರಮ ಇದು.

ಮೊದಲ ಎರಡು ತಿಂಗಳು ಯಾವ ಟೈಂಟೇಬಲ್ಲೂ ಬೇಡ. ಹುಟ್ಟಿದ ಕೂಸಿಗೆ ಹಗಲು ರಾತ್ರಿ ಗೊತ್ತಿರುವುದಿಲ್ಲ. ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕೇ ಬೇಕು. ಹಗಲು ಬೆಳಕು, ಮಾತು, ಪಾತ್ರೆ ಸಪ್ಪಳದ ನಡುವೆ ಇರಲಿ. ರಾತ್ರಿ ಹಾಲು ಕುಡಿಸುವಾಗ ದೊಡ್ಡ ಲೈಟ್ ಹಾಕಬೇಡಿ, ಮಾತಾಡಿಸಬೇಡಿ. ಬಾಣಂತಿ ಕೋಣೆಗೆ ಹಗಲೆಲ್ಲ ಪರದೆ ಎಳೆದು ಕತ್ತಲು ಮಾಡಿದರೆ ಕೂಸಿಗೆ ಹಗಲು ಯಾವುದು ಅಂತ ತಿಳಿಯುವುದಾದರೂ ಹೇಗೆ?

ಮೂರನೇ ತಿಂಗಳಿಂದ ಎಬ್ಬಿಸುವ ಹೊತ್ತು ಗಟ್ಟಿ ಮಾಡಿ. ನಮ್ಮಲ್ಲಿ ಆರೂವರೆ. ರಾತ್ರಿ ಎಷ್ಟೇ ಗಲಾಟೆ ಆಗಿರಲಿ, ಆರೂವರೆ ಅಂದರೆ ಆರೂವರೆ. ಕಿಟಕಿ ತೆರೆದು, ಮುಖ ಒರೆಸಿ, ಅಂಗಳದ ಬೆಳಕಿಗೆ ತನ್ನಿ. ಆಮೇಲೆ ಗಡಿಯಾರ ಬಿಟ್ಟು ಕೂಸನ್ನು ನೋಡಿ. ಮೂರು ನಾಲ್ಕು ತಿಂಗಳ ಕೂಸು ಸುಮಾರು ಒಂದೂವರೆ ಗಂಟೆ ಎಚ್ಚರ ಇದ್ದರೆ ದಣಿಯುತ್ತದೆ. ಆರು ತಿಂಗಳಿಗೆ ಎರಡು, ಎರಡೂವರೆ ಗಂಟೆ. ಕಣ್ಣು ಉಜ್ಜುವುದು, ಕಿವಿ ಎಳೆದುಕೊಳ್ಳುವುದು, ಸುಮ್ನೆ ಎತ್ತಲೋ ನೋಡುವುದು ಕಂಡರೆ ಮಲಗಿಸಿ. ಹಗಲು ಮಲಗದಿದ್ದರೆ ರಾತ್ರಿ ಚೆನ್ನಾಗಿ ಮಲಗುತ್ತದೆ ಅನ್ನುವವರ ಮಾತು ಕೇಳಬೇಡಿ. ಅತಿ ದಣಿದ ಕೂಸು ಮಲಗುವುದಿಲ್ಲ, ಅಳುತ್ತದೆ. ಸಂಜೆ ಐದರ ಮೇಲೆ ಮಾತ್ರ ಉದ್ದ ನಿದ್ದೆ ಬೇಡ. ನಾಲ್ಕು ತಿಂಗಳಿಂದ ವರ್ಷದವರೆಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಆದರೆ ಸಾಕು.

ಇನ್ನು ಎರೆಯುವ ವಿಷಯ. ನಮ್ಮ ಕಡೆ ಮುಂಜಾನೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಾರೆ. ಕೂಸು ಮಧ್ಯಾಹ್ನದ ತನಕ ಏಳುವುದೇ ಇಲ್ಲ. ಎಲ್ಲರಿಗೂ ಖುಷಿ, ರಾತ್ರಿ ಎದ್ದು ಕೂರುವ ತಾಯಿಯೊಬ್ಬಳನ್ನು ಬಿಟ್ಟು. ಆ ಗಾಢ ನಿದ್ದೆ ರಾತ್ರಿಗೆ ಬರಲಿ ಅಂತ ನಾನು ಎರೆಯುವುದನ್ನು ಸಂಜೆಗೆ ಹಾಕಿದೆ, ನೀರು ಉಗುರುಬೆಚ್ಚಗೆ ಅಷ್ಟೇ. ಲೋಬಾನದ ಹೊಗೆ ಪೂರ್ತಿ ಬಿಡಿಸಿದೆ. ಹೊಗೆ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಸ್ನಾನ, ಹತ್ತಿ ಜಬಲಾ, ಹಾಲು, ಒಂದು ಜೋಗುಳ, ಲೈಟ್ ಆಫ್. ದಿನಾ ಇದೇ ಸಾಲು. ಜೋಗುಳವೂ ಅದೇ ಇರಲಿ, ಹಾಡು ಬದಲಿಸಿ ಯಾರಿಗೂ ಸಂಗೀತ ಕಲಿಸಬೇಕಿಲ್ಲ. ಕಣ್ಣು ಜೋಂಪು ಹತ್ತಿದಾಗಲೇ ಹಾಸಿಗೆಗೆ ಹಾಕಿ. ಪೂರ್ತಿ ನಿದ್ದೆ ಹತ್ತುವ ತನಕ ತೊಟ್ಟಿಲು ತೂಗಿದರೆ ರಾತ್ರಿ ಎರಡಕ್ಕೂ ತೂಗಬೇಕಾಗುತ್ತದೆ.

ಕೂಸಿಗಿಂತ ಕಷ್ಟ ಮನೆಯವರು. "ಇರ್ಲಿ ಬಿಡವಾ, ಅವ ಬರೋತನ ಎಚ್ಚರ ಇರ್ಲಿ" ಅಂತ ಅತ್ತೆ ಅನ್ನುತ್ತಿದ್ದರು. ಮಗ ಬಂದು ಮಗಳನ್ನು ಎತ್ತಿಕೊಳ್ಳಲಿ ಅನ್ನುವುದು ಅವರ ಆಸೆ, ತಪ್ಪೇನಿಲ್ಲ ಅಲ್ವಾ? ವಾದ ಮಾಡದೆ ಮುಂಜಾನೆಯನ್ನು ಗಂಡನಿಗೆ ಕೊಟ್ಟೆ. ಎಬ್ಬಿಸುವುದು, ಅಂಗಳಕ್ಕೆ ಒಯ್ಯುವುದು ಅವರ ಪಾಲು. ಮಾವನಿಗೆ ಸಂಜೆಯ ತಿರುಗಾಟ. ಹೀಗೆ ಪಾಲು ಹಂಚಿದರೆ ಟಿವಿ ಸಪ್ಪಳ ತಾನಾಗಿಯೇ ಇಳಿಯುತ್ತದೆ.

ಏಳೂವರೆಗೆ ಮಲಗಿಸಿ ಅಂತ ಫೋನಿನಲ್ಲಿ ಹೇಳುವವರು ನಮ್ಮ ಏಪ್ರಿಲ್, ಮೇ ನೋಡಿಲ್ಲ. 40 ಡಿಗ್ರಿ ದಾಟಿದ ದಿನ ಆರ್‌ಸಿಸಿ ಛತ್ತು ಕತ್ತಲಾದ ಮೇಲೂ ಕಾವು ಬಿಡುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ನಾವು ಒಂಬತ್ತಕ್ಕೆ ಮಲಗಿಸುತ್ತೇವೆ, ಮಧ್ಯಾಹ್ನದ ನಿದ್ದೆ ಉದ್ದವಾಗುತ್ತದೆ, ಆರೂವರೆ ಮಾತ್ರ ಬದಲಾಗುವುದಿಲ್ಲ. ಸಂಜೆ ಮಾಳಿಗೆಗೆ ನೀರು ಹೊಡೆಯಿರಿ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ ಕೆಳಮಹಡಿಯ ಕೋಣೆ ಇದ್ದರೆ ಅದೇ ಒಳ್ಳೆಯದು. ಕೂಲರ್ ಗಾಳಿ ನೇರ ಮೈಮೇಲೆ ಬೀಳದಿರಲಿ. ಕೈಕಾಲು ತಣ್ಣಗಿವೆ ಅಂತ ಕುಲಾಯಿ ಹಾಕಬೇಡಿ, ಕತ್ತಿನ ಹಿಂದೆ ಮುಟ್ಟಿ ನೋಡಿ. ಬೆವರಿದ್ದರೆ ಸೆಕೆ ಆಗಿದೆ. ಆರು ತಿಂಗಳೊಳಗೆ ಸೆಕೆಗೂ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಿ.

ಯಾವಾಗಲೂ ಬೆನ್ನ ಮೇಲೆ, ಗಟ್ಟಿಯಾದ ಸಮ ಹಾಸಿಗೆಯಲ್ಲಿ ಮಲಗಿಸಿ. ಸಾಸಿವೆ ದಿಂಬು, ಮೇಲೆ ಹೊದಿಸುವ ಕೌದಿ ಎರಡೂ ವರ್ಷದವರೆಗೆ ಬೇಡ. ಸೀರೆಯ ಜೋಲಿಯಲ್ಲಿ ಕೂಸು ಬಾಗಿ ಗದ್ದ ಎದೆಗೆ ತಾಗುತ್ತದೆ, ಉಸಿರಿಗೆ ತೊಂದರೆ. ಕಣ್ಣು ಮುಚ್ಚಿತು ಅಂದರೆ ತೆಗೆದು ಹಾಸಿಗೆಗೆ ಹಾಕಿ. ನಿದ್ದೆ ಬರಲಿ ಅಂತ ಗುಟ್ಟಿ (ಬೇರು, ಮೂಲಿಕೆಗಳ ಮನೆಮದ್ದು), ಜೇನು ನೆಕ್ಕಿಸುವುದು ಬೇಡವೇ ಬೇಡ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ, ಇಲ್ಲವೇ ಹಾಲಿಗೂ ಏಳದೆ ಮಂಕಾಗಿ ಮಲಗಿದರೆ ಕೂಡಲೇ ಡಾಕ್ಟರ್ ಹತ್ತಿರ ಹೋಗಿ.

ಹಲ್ಲು ಬರುವಾಗ, ಊರಿಗೆ ಹೋದಾಗ, ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂದಾಗ ಕ್ರಮ ಕೆಡುತ್ತದೆ. ಕೆಡಲಿ. ಜಾತ್ರೆಗೆ ಹೋಗಿ, ತೇರು ತೋರಿಸಿ, ತಡವಾಗಿ ಬನ್ನಿ. ಮರುದಿನ ಮಾತ್ರ ಪಾಪ ಅನ್ನದೆ ಆರೂವರೆಗೇ ಕಿಟಕಿ ತೆರೆಯಿರಿ.